ನನ್ನ ಶಿಲುಬೆ, ನಿನ್ನ ಶಿಲುಬೆ

ಕಾಯಿಲೆ ಬಿದ್ದವರನ್ನು ನೋಡಲು ಬರುವವರ ಮೇಲೆ ನನ್ನದೊಂದು ತಕರಾರಿದೆ. ಅವರು ತರುವ ಬಾಳೆಹಣ್ಣು, ಬ್ರೆಡ್ಡು, ಎಳನೀರಿನ ಮೇಲಲ್ಲ. ಅದರ ಜೊತೆಗೆ ಕಟ್ಟಿಕೊಂಡು ಬರುವ ಉಪದೇಶದ ಮೇಲೆ. ಹಣ್ಣು ಕೆಟ್ಟರೆ ಬಿಸಾಡಬಹುದು. ಉಪದೇಶವನ್ನು ಹಾಸಿಗೆ ಹಿಡಿದವರು ಎಲ್ಲಿ ಬಿಸಾಡಬೇಕು? ಹೇಳಿದವರು ಮನೆಗೆ ಹೋಗಿ ಉಂಡು ಮಲಗುತ್ತಾರೆ. ಕೇಳಿಸಿಕೊಂಡವಳು ರಾತ್ರಿಯೆಲ್ಲ ಅದನ್ನೇ ಮೆಲುಕು ಹಾಕುತ್ತ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಾಳೆ.

ವಿಜಯಪುರದ ಸೊಲ್ಲಾಪುರ ರಸ್ತೆಯನ್ನು ಬಲ್ಲವರಿಗೆ ನಾನು ಹೇಳುತ್ತಿರುವುದು ಹೊಸದಲ್ಲ. 1986ರಲ್ಲಿ ಈ ರಸ್ತೆಯಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಸುತ್ತಲಿನ ಹಳ್ಳಿಗಳಿಗೆ ಇದು ದವಾಖಾನೆಯ ಹಾದಿಯಾಯಿತು. ತಿಕೋಟಾ, ಬಬಲೇಶ್ವರ, ಹೊರ್ತಿ, ಝಳಕಿಗಳಿಂದ ಬಂದವರು ರೊಟ್ಟಿಗಂಟು, ನೀರಿನ ಬಾಟಲಿ, ಎಕ್ಸ್‌ರೇ ಲಕೋಟೆ ಹಿಡಿದು ನೆರಳು ಸಿಕ್ಕಲ್ಲಿ ಕೂತಿರುತ್ತಾರೆ. ಔಷಧಿ ಅಂಗಡಿ, ಚಹದಂಗಡಿ, ಖಾನಾವಳಿ ದಾಟಿ ಒಳಗೆ ಹೋದರೆ ವಾರ್ಡುಗಳು. ನಮ್ಮ ಸಭೆಯ ಸ್ತ್ರೀಯರ ಕೂಟದವರೊಂದಿಗೆ ಇಂಥ ವಾರ್ಡುಗಳಿಗೆ ಹೋಗಿಬರುವುದು ನನಗೆ ವರ್ಷಗಳಿಂದ ರೂಢಿ. ಅಲ್ಲಿ ಕಿವಿಗೆ ಬೀಳುವ ಮಾತುಗಳು ಹೆಚ್ಚೆಂದರೆ ಮೂರು ನಾಲ್ಕು.

“ತಡಕೋಬೇಕವ್ವಾ, ದೇವರು ಪರೀಕ್ಷಾ ಮಾಡಾಕತ್ತಾನ.”

“ಮನ್ಯಾಗ ಪ್ರಾರ್ಥನಾ ಕಡಿಮಿ ಆಗಿರಬೇಕು ನೋಡ್ರಿ.”

“ಏನ್ ಮಾಡೋದೈತಿ ತಂಗೀ, ನಿನ್ನ ಶಿಲುಬಿ ನೀನ ಹೊರಬೇಕು.”

ಒಮ್ಮೆ ಹೀಗೆಯೇ ಶಿಲುಬೆಯ ಮಾತು ನಡೆದಿತ್ತು. ಹಾಸಿಗೆಯ ಮೇಲಿದ್ದ ಮುದುಕಿ ಕಣ್ಣು ತೆರೆದು, “ಶಿಲುಬಿ ಇರಲಿ ಬಾಯಾರ, ಮೊದಲ ಈ ಸಲೈನ್ ಮುಗದೈತಿ, ನರ್ಸಮ್ಮನ್ನ ಕರೀರಿ” ಎಂದಳು. ಎಲ್ಲರೂ ನಕ್ಕರು. ನನಗೇನೋ ಅಂದಿನ ಅತ್ಯುತ್ತಮ ಬೋಧನೆ ಅದೇ ಅನ್ನಿಸಿತು.

ಪಕ್ಕದ ಹಾಸಿಗೆಯ ಲಿಂಗಾಯತರ ಸೊಸೆಗೆ ಇದೇ ಮಾತು ‘ಹಣೆಬರಹ’ವಾಗಿ, ಅದರಾಚೆಯ ಮುಸ್ಲಿಂ ತಾಯಿಗೆ ‘ತಕ್ದೀರ್’ ಆಗಿ ಬಂದಿರುತ್ತದೆ. ಅವರವರ ಮನೆಯ ಮಾತನ್ನು ಅವರವರೇ ವಿಚಾರಿಸಿಕೊಳ್ಳಲಿ. ನಾನು ಕೇಳುವುದು ನನ್ನ ಮನೆಯ ಮಾತನ್ನು.

ನೋವಿನಲ್ಲಿ ಅರ್ಥ ಸಿಗುತ್ತದೆಂದು ನಂಬುವವಳು ನಾನು. ನನ್ನ ಧರ್ಮದ ನಡುವೆ ನಿಂತಿರುವುದೇ ಒಂದು ಶಿಲುಬೆ. ಅದನ್ನು ತೆಗೆದರೆ ಉಳಿಯುವುದು ಬರೀ ಗೋಡೆ. ಆದರೆ ನೊಂದವಳು ತಾನಾಗಿ ‘ನನ್ನ ಶಿಲುಬೆ’ ಎನ್ನುವುದು ಬೇರೆ, ನೋಡಲು ಬಂದವಳು ‘ನಿನ್ನ ಶಿಲುಬೆ’ ಎನ್ನುವುದು ಬೇರೆ. ಬರೆಯುವಾಗ ಒಂದು ಗುಡಿಸಿನ ವ್ಯತ್ಯಾಸ ಅಷ್ಟೇ. ಬದುಕಿನಲ್ಲಿ ಮೊದಲನೆಯದು ನಂಬಿಕೆ, ಎರಡನೆಯದು ಹೊರೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಗಾದೆ ನಮ್ಮಲ್ಲಿದೆಯಲ್ಲ, ಕಂಡವರ ನೋವಿನಲ್ಲಿ ದೇವರ ಚಿತ್ತದ ಆಳ ನೋಡುವುದೂ ಅದೇ ಜಾತಿಯ ಕೆಲಸ.

ಯೋಬನ ಗ್ರಂಥ ಓದಿದವರೇ ಹೀಗೆ ಮಾತಾಡುವುದು ನನಗೆ ಸೋಜಿಗ. ಯೋಬ ಆಸ್ತಿ ಕಳೆದುಕೊಂಡ, ಏಳು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳನ್ನು ಒಂದೇ ದಿನ ಕಳೆದುಕೊಂಡ. ಮೈತುಂಬ ಹುಣ್ಣೆದ್ದು ಬೂದಿಯಲ್ಲಿ ಕೂತು ಬೋಕಿಯಿಂದ ಕೆರೆದುಕೊಂಡ. ನೋಡಲು ಮೂವರು ಗೆಳೆಯರು ಬಂದರು. ಏಳು ಹಗಲು ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಅವರು ಒಳ್ಳೆಯವರೇ. ಆಮೇಲೆ ಬಾಯಿ ತೆರೆದರು! ನೀನು ಏನೋ ಪಾಪ ಮಾಡಿರಬೇಕು, ನಿನ್ನ ಮಕ್ಕಳಾದರೂ ಮಾಡಿರಬೇಕು, ದೇವರು ತಿದ್ದುತ್ತಿದ್ದಾನೆ, ಒಪ್ಪಿಕೋ ಎಂದು ಅಧ್ಯಾಯಗಟ್ಟಲೆ ಬೋಧಿಸಿದರು. ಯೋಬ ಒಪ್ಪಲಿಲ್ಲ. ದೇವರೊಂದಿಗೇ ವ್ಯಾಜ್ಯಕ್ಕೆ ನಿಂತ, ಹುಟ್ಟಿದ ದಿನವನ್ನೇ ಶಪಿಸಿದ. ನಲವತ್ತೆರಡು ಅಧ್ಯಾಯಗಳ ಕೊನೆಗೆ ದೇವರು ಸಿಟ್ಟಾದದ್ದು ಯಾರ ಮೇಲೆ? ತನ್ನ ಪರವಾಗಿ ವಕಾಲತ್ತು ವಹಿಸಿದ ಆ ಗೆಳೆಯರ ಮೇಲೆ. ಸರಿಯಾಗಿ ಮಾತಾಡಿದವನು ಗೋಳಾಡಿದ ಯೋಬನೇ ಎಂದು ತೀರ್ಪಾಯಿತು. ಅವನ ಪ್ರಾರ್ಥನೆಯಿಂದಲೇ ಆ ಗೆಳೆಯರಿಗೆ ಬಿಡುಗಡೆಯಾಯಿತು. ಇನ್ನೂ ಒಂದು ಮಾತು. ತನಗೆ ಇದೆಲ್ಲ ಯಾಕೆ ಬಂತೆಂದು ಯೋಬನಿಗೆ ಕೊನೆಯವರೆಗೂ ಯಾರೂ ಹೇಳಲಿಲ್ಲ, ದೇವರೂ ಹೇಳಲಿಲ್ಲ. ದೇವರೇ ಹೇಳದ ಕಾರಣವನ್ನು ವಾರ್ಡಿನ ಸ್ಟೂಲಿನ ಮೇಲೆ ಕೂತ ನಮ್ಮವರು ಐದು ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ.

ಯೋಬನ ಹೆಂಡತಿಯ ಬಗ್ಗೆಯೂ ಯಾರಾದರೂ ಯೋಚಿಸಿದ್ದೀರಾ? ಆಕೆ ಕಹಿಯಾಗಿ ಆಡಿದ ಒಂದೇ ಒಂದು ಮಾತಿಗಾಗಿ ಸಂತ ಅಗಸ್ಟೀನರಂಥ ದೊಡ್ಡವರೇ ಆಕೆಯನ್ನು ಸೈತಾನನ ಸಹಾಯಕಿ ಎಂದು ಕರೆದರು. ಸತ್ತ ಹತ್ತು ಮಕ್ಕಳನ್ನು ಹೆತ್ತವಳು ಅವಳು ಎಂಬುದನ್ನು ಎಷ್ಟು ಬೋಧಕರು ನೆನೆದಿದ್ದಾರೆ? ಗಂಡಿನ ಗೋಳು ಗ್ರಂಥವಾಯಿತು, ಹೆಣ್ಣಿನ ಗೋಳು ಗಯ್ಯಾಳಿತನವಾಯಿತು.

ಯೇಸುಸ್ವಾಮಿ ಏನು ಮಾಡಿದರು ನೋಡಿ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಇವನ ಪಾಪವೋ ಇವನ ಹೆತ್ತವರ ಪಾಪವೋ ಎಂದು ಕೇಳಿದರೆ ಎರಡೂ ಅಲ್ಲವೆಂದು ಹೇಳಿ, ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚುವ ಕೆಲಸಕ್ಕೆ ಕೈಹಾಕಿದರು. ಸಿಲೋವದ ಗೋಪುರ ಬಿದ್ದು ಹದಿನೆಂಟು ಜನ ಸತ್ತಾಗ, ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳಲ್ಲವೆಂದು ಖಂಡಿತವಾಗಿ ಹೇಳಿದರು. ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಒಬ್ಬ ಗೂನಿ ಹೆಂಗಸು ಬರುತ್ತಾಳೆ. ಹದಿನೆಂಟು ವರ್ಷ ನಡು ಬಗ್ಗಿ ನೆಲ ನೋಡಿಕೊಂಡೇ ಬದುಕಿದವಳು. ಸಬ್ಬತ್ ದಿನ ಸಭಾಮಂದಿರದಲ್ಲಿ ಸ್ವಾಮಿ ಅವಳನ್ನು ತಾವಾಗಿ ಕರೆದು ನೆಟ್ಟಗೆ ನಿಲ್ಲಿಸಿದರು. ಸಭಾಮಂದಿರದ ಯಜಮಾನನಿಗೆ ಸಿಟ್ಟು ಬಂತು. ವಾಸಿಮಾಡಿಸಿಕೊಳ್ಳಲು ವಾರದಲ್ಲಿ ಆರು ದಿನ ಇದ್ದವಲ್ಲ ಎಂದನಂತೆ. ಅಂದರೆ ಹದಿನೆಂಟು ವರ್ಷ ತಾಳಿದವಳು ಇನ್ನೊಂದು ದಿನ ತಾಳಲಾರಳೆ ಎಂಬ ವಾದ. ಈ ಯಜಮಾನ ನಮ್ಮ ಊರುಗಳಲ್ಲಿ ಇನ್ನೂ ಬದುಕಿದ್ದಾನೆ. ತನ್ನ ಕತ್ತೆಗೆ ನೀರು ಕುಡಿಸಲು ಹಬ್ಬದ ದಿನವೂ ಹಗ್ಗ ಬಿಚ್ಚುವವನು, ಹೆಂಗಸಿನ ನೋವಿಗೆ ಮಾತ್ರ ತಾಳ್ಮೆ ಬರೆದುಕೊಡುತ್ತಾನೆ. ಸ್ವಾಮಿ ಅವಳಿಗೆ ಒಂದು ದಿನದ ತಾಳ್ಮೆಯನ್ನೂ ಬೋಧಿಸಲಿಲ್ಲ.

ಇನ್ನು ಶಿಲುಬೆ ಹೊರುವ ಮಾತು. ಶಿಲುಬೆಯೆಂದರೆ ಕಾಯಿಲೆಯಲ್ಲ, ಗಂಡನ ಹೊಡೆತವಲ್ಲ, ಅತ್ತೆಮನೆಯ ಕಾಟವಲ್ಲ. ರೋಮನ್ ಸರ್ಕಾರ ತನಗೆ ಎದುರು ನಿಂತವರನ್ನು, ಓಡಿಹೋದ ಗುಲಾಮರನ್ನು ಕೊಲ್ಲುತ್ತಿದ್ದ ಮರ ಅದು. ಅದನ್ನು ಹೊರಲು ಕರೆದಾಗ ಸ್ವಾಮಿ ‘ಮನಸ್ಸಿದ್ದವರು’ ಎಂಬ ಷರತ್ತನ್ನು ಮುಂದಿಟ್ಟೇ ಕರೆದರು. ಸತ್ಯಕ್ಕೆ, ನೆರೆಯವರಿಗೆ ನಿಂತರೆ ಬರಬಹುದಾದ ಕಷ್ಟ ಅದು; ನಾವಾಗಿ ಆರಿಸಿಕೊಳ್ಳುವಂಥದು. ಮನಸ್ಸಿಲ್ಲದವಳ ಹೆಗಲಿಗೆ ಇನ್ನೊಬ್ಬರು ಏರಿಸಿದರೆ ಅದಕ್ಕೆ ಶಿಲುಬೆ ಎನ್ನುವುದಿಲ್ಲ, ಜುಲುಮೆ ಎನ್ನುತ್ತಾರೆ. ಅಷ್ಟೇ ಅಲ್ಲ, ಕಲ್ವಾರಿಯ ದಾರಿಯಲ್ಲಿ ಹೊಲದ ಕಡೆಯಿಂದ ಬರುತ್ತಿದ್ದ ಕುರೇನ್ಯದ ಸೀಮೋನನಿಂದ ಸ್ವಾಮಿಯ ಶಿಲುಬೆಯನ್ನು ಹೊರಿಸಲಾಯಿತು. ದೇವರ ಮಗನ ಶಿಲುಬೆಗೇ ಇನ್ನೊಂದು ಹೆಗಲು ಬೇಕಾಗಿದ್ದಾಗ, ನಿನ್ನದನ್ನು ನೀನೇ ಹೊರು ಎಂದು ಹೇಳುವ ಧೈರ್ಯ ನಮಗೆಲ್ಲಿಂದ ಬಂತು?

ಈ ಮಾತು ಬರೀ ಬಾಯಿಮಾತಾಗಿದ್ದರೆ ನಾನಿಷ್ಟು ಕಾವೇರುತ್ತಿರಲಿಲ್ಲ. ಅದು ಕಾನೂನಾಗಿಯೂ ನಮ್ಮ ಮೇಲೆ ಕೂತಿತ್ತು. 1869ರ ಭಾರತೀಯ ವಿಚ್ಛೇದನ ಕಾಯ್ದೆಯಲ್ಲಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿಗೆ ಹಾಗಲ್ಲ, ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ಬಿಟ್ಟುಹೋದದ್ದನ್ನೋ ಸೇರಿಸಿ ರುಜುವಾತು ಮಾಡಬೇಕಿತ್ತು. ಅಂದರೆ ಬರೀ ಹೊಡೆದು ಬಡಿದು ಮಾಡುವವನಿಂದ ವಿಚ್ಛೇದನ ಕೇಳಲು ಅವಳಿಗೆ ಆ ಕಾಯ್ದೆಯಲ್ಲಿ ದಾರಿಯೇ ಇರಲಿಲ್ಲ. ಇದನ್ನು ತಿದ್ದಿದ್ದು 2001ರಲ್ಲಿ. ನೂರ ಮೂವತ್ತೆರಡು ವರ್ಷ! ಅಷ್ಟು ವರ್ಷಗಳಲ್ಲಿ ಎಷ್ಟು ಅಜ್ಜಿಯರು, ಎಷ್ಟು ತಾಯಂದಿರು ‘ನಿನ್ನ ಶಿಲುಬೆ’ ಎಂಬ ಮಾತು ಕೇಳಿ ಗೋರಿ ಸೇರಿದರೋ! 2005ರಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ ಬಂತು, ಅದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಕಾನೂನು ಬದಲಾಯಿತು, ನಾಲಿಗೆ ಬದಲಾಗಲಿಲ್ಲ.

ದೇವರ ಚಿತ್ತ ಎಂಬ ಮಾತು ಮನುಷ್ಯರ ತಪ್ಪಿಗೆ ಒಳ್ಳೆಯ ಹೊದಿಕೆ. 1876–78ರ ಬರ ಆಗಿನ ಕಲಾದಗಿ ಜಿಲ್ಲೆಯನ್ನು, ಎಂದರೆ ನಮ್ಮ ಈ ನಾಡನ್ನು, ಬರಿದು ಮಾಡಿತು. ಮಳೆ ಬಾರದ್ದು ಯಾರ ಕೈಯಲ್ಲೂ ಇರಲಿಲ್ಲ, ನಿಜ. ಆದರೆ ಅದೇ ವರ್ಷಗಳಲ್ಲಿ ಭಾರತದ ಬಂದರುಗಳಿಂದ ಇಂಗ್ಲೆಂಡಿಗೆ ಗೋಧಿ ಹೋಗುತ್ತಲೇ ಇತ್ತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಬರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದು ಆಣೆಗೆ ಇಳಿಸಿದರು. ಇದನ್ನೂ ದೇವರ ಲೆಕ್ಕಕ್ಕೆ ಬರೆಯೋಣವೇ?

ಬರದ ಮಾತು ಬಂದಾಗ ಒಬ್ಬ ಹೆಣ್ಣುಮಗಳನ್ನು ನೆನೆಯದೆ ಮುಂದೆ ಹೋಗಲಾರೆ. ಪಂಡಿತಾ ರಮಾಬಾಯಿ ಹುಟ್ಟಿದ್ದು ನಮ್ಮ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, 1858ರಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ವಿರೋಧ ಕಟ್ಟಿಕೊಂಡು ಕಾಡು ಸೇರಿದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು. ಪುರಾಣ ಓದುತ್ತ ಊರೂರು ಅಲೆಯುತ್ತಿದ್ದ ಆ ಕುಟುಂಬ 1874ರ ಹೊತ್ತಿನ ಬರಕ್ಕೆ ಸಿಕ್ಕಿತು. ಕೆಲವೇ ತಿಂಗಳ ಅಂತರದಲ್ಲಿ ತಂದೆ, ತಾಯಿ, ಆಮೇಲೆ ಅಕ್ಕ, 1880ರಲ್ಲಿ ಅಣ್ಣ, 1882ರಲ್ಲಿ ಕಾಲರಾದಿಂದ ಗಂಡ. ಇಪ್ಪತ್ತನಾಲ್ಕು ತುಂಬುವ ಮೊದಲೇ ಕೈಗೂಸಿನೊಂದಿಗೆ ಒಂಟಿಯಾದವಳು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಳಾದಳು. ಆದರೆ ಅಲ್ಲಿಯೂ, ಏನನ್ನು ನಂಬಬೇಕೆಂದು ಗುರುಗಳು, ಸನ್ಯಾಸಿನಿಯರು ಹೇಳಿಕೊಟ್ಟದ್ದನ್ನು ಕಣ್ಣುಮುಚ್ಚಿ ಒಪ್ಪಲಿಲ್ಲ. ತನ್ನ ಮನಸ್ಸಾಕ್ಷಿಯ ಹಕ್ಕಿಗಾಗಿ ಪತ್ರಗಳ ಮೇಲೆ ಪತ್ರ ಬರೆದು ವಾದಿಸಿದಳು.

ಇಷ್ಟು ನೋವಿಗೆ ಅರ್ಥವೇನು ಎಂದು ಆಕೆ ಹುಡುಕಿದ್ದು ಎಲ್ಲಿ? 1896–97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತೆಂದು ಕೇಳಿದಾಗ ತಾನು ಉಪವಾಸ ಬಿದ್ದ ದಿನಗಳು ಆಕೆಯನ್ನು ಸುಮ್ಮನೆ ಕೂರಗೊಡಲಿಲ್ಲ. ತಾನೇ ಅಲ್ಲಿಗೆ ಹೋಗಿ ಎಲುಬುಗೂಡಾಗಿದ್ದ ಹುಡುಗಿಯರನ್ನು ಕರೆತಂದಳು. ಅವರಿಗಾಗಿ ಬೆಳೆದದ್ದೇ ಕೇಡಗಾಂವದ ಮುಕ್ತಿ ಸದನ. ನಮ್ಮ ಸೊಲ್ಲಾಪುರ ರಸ್ತೆ ಹಿಡಿದು ಧೂಳಖೇಡದ ಬಳಿ ಭೀಮೆ ದಾಟಿ, ಸೊಲ್ಲಾಪುರದಲ್ಲಿ ಪುಣೆಯ ರೈಲು ಹತ್ತಿದರೆ ದೌಂಡ್ ಆದ ಮೇಲೆ ಸಿಗುವ ನಿಲ್ದಾಣ ಅದು. 1900ರ ಗುಜರಾತಿನ ಬರದ ನಂತರ ಅಲ್ಲಿ ಸಾವಿರಕ್ಕೂ ಮೀರಿ ಹೆಣ್ಣುಮಕ್ಕಳಿದ್ದರು. ನೇಯುವುದು, ಅಚ್ಚಿನ ಕೆಲಸ, ಹೈನು ಕಲಿತರು; ಕುರುಡು ಹುಡುಗಿಯರು ಬ್ರೈಲ್ ಕಲಿತರು. 1910ರ ದಶಕದಲ್ಲಿ ಮಗಳು ಮನೋರಮಾ ನಮ್ಮ ಕಲಬುರಗಿಗೂ ಬಂದು ಶಾಲೆ ತೆರೆದಳು. ಆ ಮಗಳೂ 1921ರಲ್ಲಿ ತಾಯಿಯ ಕಣ್ಣೆದುರೇ ಹೋದಳು. ರಮಾಬಾಯಿ ಸತ್ಯವೇದವನ್ನು ಮೂಲಭಾಷೆಗಳಿಂದ ಮರಾಠಿಗೆ ತರುವ ಕೆಲಸ ಬಿಡಲಿಲ್ಲ. 1922ರ ಏಪ್ರಿಲ್‌ನಲ್ಲಿ ತೀರಿಕೊಂಡಳು. ತನ್ನ ತಂದೆತಾಯಿ ಸತ್ತದ್ದು ಮುಂದೆ ಇಷ್ಟು ಹುಡುಗಿಯರು ಬದುಕಲಿ ಎಂದೇ, ಹೀಗೆ ಯಾರಾದರೂ ಆ ಹದಿನಾರರ ಅನಾಥೆಗೆ ಅಂದೇ ಹೇಳಿದ್ದರೆ ಅದು ಸಾಂತ್ವನವಲ್ಲ, ಅಪರಾಧವಾಗುತ್ತಿತ್ತು. ಅರ್ಥ ಮೊದಲೇ ಅಲ್ಲಿರಲಿಲ್ಲ. ಆಕೆ ಅದನ್ನು ಕೈಯಾರೆ ದುಡಿದು ಮಾಡಿದಳು. ತನ್ನೊಂದಿಗೆ ದೇವರು ದುಡಿದನೆಂದು ನಂಬಿದಳು.

ನೋವನ್ನು ಬಾಯಿ ಮುಚ್ಚಿಸುವವರಿಗೆ ವೈದ್ಯರೊಬ್ಬರ ಸಂಗತಿ ಹೇಳಬೇಕು. ಪಾಲ್ ಬ್ರಾಂಡ್ 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದವರು. ಕುಷ್ಠರೋಗಿಗಳ ಬೆರಳು ರೋಗದಿಂದ ತಾನಾಗಿ ಕೊಳೆತು ಉದುರುತ್ತದೆಂದು ಆಗ ಎಲ್ಲರೂ ತಿಳಿದಿದ್ದರು. ಬ್ರಾಂಡ್ ಕಂಡುಕೊಂಡದ್ದು ಬೇರೆ. ರೋಗ ನರಗಳನ್ನು ಕೊಂದು ನೋವು ತಿಳಿಯದಂತೆ ಮಾಡುತ್ತದೆ. ನೋವು ತಿಳಿಯದ್ದರಿಂದ ಬಿಸಿ ಪಾತ್ರೆ ಹಿಡಿದು ಸುಟ್ಟುಕೊಳ್ಳುತ್ತಾರೆ, ಗಾಯವಾದ ಕಾಲಿನಲ್ಲೇ ನಡೆಯುತ್ತಾರೆ, ಮಲಗಿದ್ದಾಗ ಇಲಿ ಕಚ್ಚಿದರೂ ಎಚ್ಚರವಾಗುವುದಿಲ್ಲ. ಕೈಕಾಲು ಹಾಳಾಗುವುದು ಹೀಗೆ. ನೋವು ದೇಹಕ್ಕೆ ಕಾವಲುಗಾರ ಎಂದು ಅವರು ಮುಂದೆ ಬದುಕಿಡೀ ಹೇಳಿದರು. ಮನೆಗೂ, ಸಭೆಗೂ, ಊರಿಗೂ ಇದೇ ಮಾತು ಸಲ್ಲುತ್ತದೆ. ನೊಂದವಳು ಕೂಗಿದರೆ ಇಲ್ಲೇನೋ ಕೆಟ್ಟಿದೆ, ನೋಡಿ ಎಂದರ್ಥ. ಅವಳಿಗೆ ತಾಳ್ಮೆಯ ಚುಚ್ಚುಮದ್ದು ಕೊಟ್ಟು ಜೋಮು ಹಿಡಿಸಿದರೆ ಊರಿಗೇ ಕುಷ್ಠ ಹತ್ತುತ್ತದೆ.

ಹಾಗಾದರೆ ನಂಬಿಕೆಯಿಂದ ಏನೂ ಸಿಗುವುದಿಲ್ಲವೇ, ಕಾನೂನು ಔಷಧಿಗಳೇ ಸಾಕಲ್ಲ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಎಲ್ಲ ನೋವಿಗೂ ಔಷಧಿಯಿಲ್ಲ. ಸೊಲ್ಲಾಪುರಕ್ಕೆ, ಮೀರಜಕ್ಕೆ ಎಂದು ಅಲೆದು, ದ್ರಾಕ್ಷಿ ತೋಟ ಮಾರಿ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಹೇಳಿಸಿಕೊಂಡು ಬರುವ ಎಷ್ಟೋ ಜನರನ್ನು ನಾವೆಲ್ಲ ಕಂಡಿದ್ದೇವೆ. ಅಂಥ ಕಡೆ ನನ್ನ ಧರ್ಮ ಕೊಡುವುದು ಕಾರಣವನ್ನಲ್ಲ, ಜೊತೆಯನ್ನು. ಲಾಜರ ಸತ್ತಾಗ, ನೀನು ಇಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂಬ ಅರ್ಥದಲ್ಲಿ ಮಾರ್ಥಾ, ಮರಿಯ ಇಬ್ಬರೂ ಸ್ವಾಮಿಯ ಮುಖಕ್ಕೇ ಹೇಳಿದರು. ಅವರು ಗದರಿಸಲಿಲ್ಲ, ಅತ್ತರು. ನೂರ ಐವತ್ತು ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲು ಗೋಳಿನ ಕೀರ್ತನೆಗಳೇ. ಸ್ವಾಮಿ ಶಿಲುಬೆಯ ಮೇಲೆ ಕೂಗಿದ್ದೂ ಅಂಥ ಒಂದು ಗೋಳನ್ನೇ, ಕೈಬಿಟ್ಟದ್ದೇಕೆಂದು ದೇವರನ್ನು ಕೇಳಿದ್ದೇ. ಮೂರನೆಯ ದಿನ ಎದ್ದು ಬಂದಾಗಲೂ ಅವರ ಕೈಯ ಗಾಯ ಮಾಯಲಿಲ್ಲ; ಅದನ್ನೇ ತೋಮನಿಗೆ ತೋರಿಸಿದರು. ನನ್ನ ದೇವರು ನೋವು ಗೊತ್ತಿಲ್ಲದ ದೇವರಲ್ಲ ಎಂಬುದೊಂದೇ ನನ್ನ ಕೈಯಲ್ಲಿರುವ ಸಮಾಧಾನ. ಕತ್ತಲೆಯಲ್ಲಿ ಅದು ಸಣ್ಣ ದೀಪ. ಅದನ್ನು ಹಿಡಿದವಳು ತಾನಾಗಿ ‘ಇದರಲ್ಲಿ ನನಗೊಂದು ಅರ್ಥ ಕಂಡಿತು’ ಎಂದರೆ ನಾನು ಎದ್ದು ನಿಂತು ಕೈಮುಗಿಯುತ್ತೇನೆ. ನಮ್ಮ ಸಭೆಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಒಬ್ಬ ತಾಯಿ ಕೊನೆಯ ವಾರ, “ನಾ ಒಬ್ಬಾಕಿನ ಇಲ್ಲ, ಅಂವ ಇದ್ದಾನ” ಎಂದಿದ್ದಳು. ಆ ಮಾತು ಅವಳದು. ಅದನ್ನು ಕದ್ದು ತಂದು ಇನ್ನೊಬ್ಬಳ ಹಾಸಿಗೆಯ ಪಕ್ಕ ನಿಂತು ಒಪ್ಪಿಸಲು ನನಗಾಗಲಿ ನಿಮಗಾಗಲಿ ಹಕ್ಕಿಲ್ಲ.

ಆದ್ದರಿಂದ ಅಕ್ಕತಂಗಿಯರೇ, ನನ್ನ ಬೇಡಿಕೆ ದೊಡ್ಡದಲ್ಲ. ಕಾಯಿಲೆಯವರನ್ನು ನೋಡಲು ಹೋದಾಗ ಯೋಬನ ಗೆಳೆಯರ ಮೊದಲ ಏಳು ದಿನಗಳನ್ನಷ್ಟೇ ಅನುಸರಿಸಿ, ಎಂಟನೆಯ ದಿನದ್ದು ಬೇಡ. ಸುಮ್ಮನೆ ಕೂತುಕೊಳ್ಳಿ. ಒಂದು ರಾತ್ರಿ ನೀವು ಎಚ್ಚರವಿದ್ದು ಅವಳ ಜೊತೆಗಿದ್ದವಳನ್ನು ಮಲಗಲು ಕಳಿಸಿ. ನಾಲ್ಕು ಬಿಸಿ ರೊಟ್ಟಿ, ಒಂದಿಷ್ಟು ಪಲ್ಯ ಕಟ್ಟಿಕೊಂಡು ಹೋಗಿ. ಅವಳ ಮಕ್ಕಳ ಪರೀಕ್ಷೆ ಇದ್ದರೆ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ಪ್ರಾರ್ಥನೆ ಮಾಡುವುದಾದರೆ ಮೊದಲು ಅವಳನ್ನು ಕೇಳಿ. ಅವಳು ಅತ್ತರೆ ಅದೂ ಪ್ರಾರ್ಥನೆಯೇ ಎಂದು ತಿಳಿಯಿರಿ. ಕಾಯಿಲೆಯಲ್ಲದೆ ಮೈಮೇಲೆ ಬಾಸುಂಡೆ ಕಂಡರೆ ಸತ್ಯವೇದ ತೆರೆಯಬೇಡಿ, ಫೋನ್ ತೆಗೆದುಕೊಳ್ಳಿ. ಮಹಿಳಾ ಸಹಾಯವಾಣಿ 181 ಇದೆ, ಸರ್ಕಾರದ ‘ಸಖಿ’ ಕೇಂದ್ರವಿದೆ, ಠಾಣೆಯಿದೆ; ಜೊತೆಗೆ ಹೋಗಲು ನೀವಿದ್ದೀರಿ. ಇಷ್ಟು ಮಾಡಿದವಳಿಗೆ ಹಾದಿಯಲ್ಲಿ ತಡೆ ಬಂದೀತು. ಅವಳ ಗಂಡನ ಮನೆಯವರು ನಿಮ್ಮನ್ನು ಬೈದಾರು, ನಿಮ್ಮ ಮನೆಯವರೇ ‘ನಿನಗ್ಯಾಕ ಊರ ಉಸಾಬರಿ’ ಎಂದಾರು, ಸಭೆಯಲ್ಲಿ ಕೆಲವರು ಮುಖ ತಿರುಗಿಸಿಯಾರು. ಸ್ವಾಮಿ ಮನಸ್ಸಿದ್ದವರು ಹೊರಲಿ ಎಂದು ಕರೆದ ಶಿಲುಬೆ ಇದೇ ಇರಬೇಕು. ಇದನ್ನು ಹೊರುವಾಗ ಮಾತ್ರ ‘ನನ್ನ’ ಎಂದು ಹೇಳಿಕೊಳ್ಳೋಣ.